ಉಳಿಪೆಟ್ಟಿನ ವೇದಾಂತ

ಉಳಿಯ ಪೆಟ್ಟು ತಿಂದ ಕಲ್ಲೇ ದೇವರಾಗುತ್ತದೆ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಸನ್ಮಾನವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ನಿವೃತ್ತರ ಬೀಳ್ಕೊಡುಗೆಯಿರಲಿ, ಒಬ್ಬ ಮಹನೀಯರಾದರೂ ಎದ್ದು ನಿಂತು ತಾವು ಬಾಲ್ಯದಲ್ಲಿ ಪಟ್ಟ ಪಾಡನ್ನು ವರ್ಣಿಸುತ್ತಾರೆ. ಬೀದಿ ದೀಪದ ಕೆಳಗೆ ಓದಿದ್ದು, ತಂದೆಯ ಕೈಯಿಂದ ಬಾರುಕೋಲಿನ ಏಟು ತಿಂದದ್ದು, ಒಪ್ಪತ್ತು ಉಂಡು ಮಲಗಿದ್ದು ಎಲ್ಲವೂ ಬರುತ್ತದೆ. ಕೊನೆಗೆ, "ಆ ಕಷ್ಟವೇ ನಮ್ಮನ್ನು ಗಟ್ಟಿಮಾಡಿತು, ಈಗಿನ ಮಕ್ಕಳಿಗೆ ಕಷ್ಟವೆಂದರೆ ಏನೆಂದೇ ಗೊತ್ತಿಲ್ಲ" ಎಂದು ಮುಗಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ತಟ್ಟಿದವರಲ್ಲಿ ಮುಕ್ಕಾಲು ಪಾಲು ಜನ ಮನೆಗೆ ಹೋಗಿ ಮೊಮ್ಮಗನಿಗೆ ಬಿಸಿಲು ತಾಗದಂತೆ ಕೊಡೆ ಹಿಡಿಯುವವರೇ. ಈ ವೇದಾಂತ ಯಾವಾಗಲೂ ಇನ್ನೊಬ್ಬರ ಮಕ್ಕಳಿಗಾಗಿ ಹೇಳಿದ್ದು.

ಕಲ್ಲಿನ ಉಪಮೆಯನ್ನೇ ತೆಗೆದುಕೊಳ್ಳೋಣ. ಕಲ್ಲು ಬೆಳೆಯುವುದಿಲ್ಲ. ಶಿಲ್ಪಿಯ ಕೈಗೆ ಬರುವ ಹೊತ್ತಿಗೆ ಅದು ಆಗುವಷ್ಟು ಕಲ್ಲಾಗಿ ಮುಗಿದಿರುತ್ತದೆ. ಮಗು ಹಾಗಲ್ಲ, ಅದು ಪೆಟ್ಟು ತಿನ್ನುತ್ತಿರುವಾಗಲೇ ಬೆಳೆಯುತ್ತಿರುತ್ತದೆ, ಮತ್ತು ಪೆಟ್ಟನ್ನೂ ಒಳಗೆ ಸೇರಿಸಿಕೊಂಡೇ ಬೆಳೆಯುತ್ತದೆ. ಇನ್ನೊಂದು ವಿಷಯ. ಉಳಿಯ ಕೆಳಗೆ ಸೀಳಿಹೋದ ಕಲ್ಲುಗಳನ್ನು ಗುಡಿಯ ಒಳಗೆ ಯಾರೂ ತಂದಿಡುವುದಿಲ್ಲ, ಅವು ಕಲ್ಲುಗಣಿಯಲ್ಲೇ ಬಿದ್ದಿರುತ್ತವೆ. ವೇದಿಕೆಯ ಮೇಲೆ ನಿಂತು ಮಾತಾಡುವವರು ಕಷ್ಟದಿಂದ ಪಾರಾಗಿ ಬಂದ ಹತ್ತರಲ್ಲಿ ಒಬ್ಬರು. ಉಳಿದ ಒಂಬತ್ತು ಮಂದಿಗೆ ಸನ್ಮಾನವೂ ಇಲ್ಲ, ಧ್ವನಿವರ್ಧಕವೂ ಇಲ್ಲ. ಆದುದರಿಂದ ಕಷ್ಟದ ಪರವಾಗಿ ಸಾಕ್ಷಿ ಹೇಳುವವರೇ ನಮಗೆ ಸದಾ ಸಿಗುತ್ತಾರೆ. ವಿರುದ್ಧವಾಗಿ ಹೇಳಬೇಕಾದವರು ಸಭೆಗೆ ಬಂದಿರುವುದೇ ಇಲ್ಲ.

ಈ ಜಗಳವನ್ನು ನಾನು ಈಗ ತೆಗೆಯಲು ಕಾರಣವಿದೆ. 2025ರ ಎಸ್‌.ಎಸ್‌.ಎಲ್‌.ಸಿ. ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ಇಡೀ ರಾಜ್ಯದಲ್ಲಿ ಕೊನೆಗೆ ನಿಂತಿತು. ಕುಳಿತ ಮಕ್ಕಳಲ್ಲಿ ಅರ್ಧದಷ್ಟೂ ಪಾಸಾಗಲಿಲ್ಲ. ಆಗ ಕೇಳಿಬಂದ ಮಾತುಗಳು ವಾಚಕರಿಗೆ ನೆನಪಿರಬಹುದು. ಮೇಷ್ಟರುಗಳನ್ನು ಬೈದರು, ಅಧಿಕಾರಿಗಳನ್ನು ಬೈದರು, ಮೊಬೈಲನ್ನು ಬೈದರು. ಬೆಂಗಳೂರಿನಲ್ಲಿ ನನ್ನ ನೆರೆಯ ಮಹನೀಯರೊಬ್ಬರು ಕಾಫಿ ಕುಡಿಯುತ್ತ, "ಏನೇ ಹೇಳಿ, ನಿಮ್ಮ ಕಡೆಯ ಮಕ್ಕಳ ತಲೆಗೆ ವಿದ್ಯೆ ಹತ್ತುವುದಿಲ್ಲ" ಎಂದರು. ನಾನು ಆಳಂದದ ಕಡೆಯವನೆಂಬುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಅಂದದ್ದು. ಪರೀಕ್ಷೆಗೆ ಕುಳಿತ ಆ ಮಕ್ಕಳು ಹುಟ್ಟಿದ್ದು 2009ರ ಸುಮಾರಿಗೆ. 2010ರಲ್ಲಿ, 2011ರಲ್ಲಿ ಆ ಕೂಸುಗಳು ಎಲ್ಲಿದ್ದವು, ಯಾರ ತೊಡೆಯ ಮೇಲಿದ್ದವು ಎಂದು ಕೇಳಿದವರನ್ನು ಮಾತ್ರ ನಾನು ಕಾಣಲಿಲ್ಲ. ಶಾಲೆಯಲ್ಲಿ ಮೇಷ್ಟರಿಲ್ಲದ್ದು, ಕಟ್ಟಡವಿಲ್ಲದ್ದು ಕಾರಣವಲ್ಲವೆಂದು ನಾನು ವಾದಿಸುತ್ತಿಲ್ಲ. ಅವು ಕಾರಣಗಳೇ. ಆದರೆ ಲೆಕ್ಕ ಶುರುವಾಗುವುದು ಒಂದನೆಯ ತರಗತಿಯಿಂದಲ್ಲ.

ಭೂಸನೂರು ನಮ್ಮ ಆಳಂದ ತಾಲೂಕಿನ ಊರು. ಅಲ್ಲಿ ಸಕ್ಕರೆ ಕಾರ್ಖಾನೆಯಿದೆ. ದಸರೆ ದೀಪಾವಳಿ ಕಳೆದು ಕಬ್ಬು ಕಡಿಯುವ ಕಾಲ ಬಂತೆಂದರೆ ಸುತ್ತಲಿನ ರಸ್ತೆಗಳ ಮೇಲೆ ಜೋಡಿ ಟ್ರೈಲರಿನ ಟ್ರಾಕ್ಟರುಗಳು ಮೆರವಣಿಗೆ ಹೊರಡುತ್ತವೆ. ಕಡಿಯಲು ಬರುವವರು ಬಹುಮಟ್ಟಿಗೆ ಹೊರಗಿನವರು. ಮಹಾರಾಷ್ಟ್ರದ ಬೀಡ ಕಡೆಯಿಂದ ಹೀಗೆ ಸೀಮೆ ಸೀಮೆ ಅಲೆಯುವ ಕೂಲಿಗಳ ವಿಷಯ ಎಲ್ಲರಿಗೂ ತಿಳಿದದ್ದೇ. ಅವರಲ್ಲಿ ಲೆಕ್ಕ ಹಿಡಿಯುವುದು ಆಳಿನ ಮೇಲಲ್ಲ, ಕೋಯ್ತಾದ ಮೇಲೆ. ಕೋಯ್ತಾ ಎಂದರೆ ಕುಡುಗೋಲು. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ. ಮುಂಗಡ ಕೊಡುವುದೂ ಆ ಜೋಡಿಗೆ, ದುಡಿಸಿಕೊಳ್ಳುವುದೂ ಆ ಜೋಡಿಯನ್ನು. ಹೆಂಡತಿ ಊರಲ್ಲಿ ಉಳಿದರೆ ಅರ್ಧ ಕೋಯ್ತಾ. ಆದುದರಿಂದ ಅವಳು ಬಂದೇ ಬರಬೇಕು, ಅವಳ ಸೆರಗು ಹಿಡಿದು ಕೂಸೂ ಬರಬೇಕು. ಇತ್ತ ಹೊರಗಿನವರು ನಮ್ಮ ಸೀಮೆಗೆ ಕಬ್ಬು ಕಡಿಯಲು ಬರುತ್ತಿದ್ದರೆ, ಅತ್ತ ನಮ್ಮ ತಾಂಡಾಗಳ, ಹಳ್ಳಿಗಳ ಜನ ತೊಗರಿಯ ರಾಶಿ ಮುಗಿಸಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಪುಣೆಗೆ, ಮುಂಬಯಿಗೆ, ಬೆಂಗಳೂರಿಗೆ ಇಟ್ಟಿಗೆ ಹೊರಲು ಗುಳೆ ಹೋಗುತ್ತಾರೆ. ಒಂದೇ ರಸ್ತೆಯಲ್ಲಿ ಬರುವ ಬಡತನವೂ ಹೋಗುವ ಬಡತನವೂ ಎದುರುಬದುರಾಗುವ ಸೀಮೆ ಇದು.

ಎರಡು ವರ್ಷದ ಹಿಂದೆ ಕಬ್ಬಿನ ಕಾಲದಲ್ಲಿ ನಾನು ಆ ಕಡೆ ಹೋಗಿದ್ದೆ. ಹೊಲವೊಂದರ ಬದುವಿನಲ್ಲಿ, ನಿಂತ ಟ್ರೈಲರಿನ ನೆರಳಲ್ಲಿ, ಗೋಣಿಚೀಲದ ಮೇಲೆ ಒಂದೂವರೆ ವರ್ಷದ ಕೂಸು ಕುಳಿತಿತ್ತು. ಕಾಯಲು ಐದಾರು ವರ್ಷದ ಅಕ್ಕ. ಆ ಅಕ್ಕನನ್ನು ಕಾಯಲು ಯಾರೂ ಇಲ್ಲ. ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಡಿಯಲು ಹೋದವಳು, ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದಳು, ಕೂಗಿಗೆ ಕೇಳುವಷ್ಟು ಹತ್ತಿರದಲ್ಲಿರಲಿಲ್ಲ. ನಾನು ಎತ್ತಿಕೊಂಡೆ. ಅಪರಿಚಿತನ ಕೈಗೆ ಬಂದ ಮಗು ಅಳಬೇಕು, ಕೊಸರಬೇಕು, ಇದು ಅಳಲಿಲ್ಲ. ನಗಲೂ ಇಲ್ಲ. ಅದೇ ದಿನ ಊರೊಳಗೆ ಒಂದು ಮನೆಯ ಕಟ್ಟೆಯ ಮೇಲೆ ಕುಳಿತಾಗ, ಮಗ ಸೊಸೆ ಪುಣೆಗೆ ಹೋಗಿ ಮೊಮ್ಮಗಳನ್ನು ಸಾಕುತ್ತಿದ್ದ ಮುದುಕಿಯೊಬ್ಬಳ ಮುಂದೆ ಇದನ್ನು ಹೇಳಿದೆ. "ಅಂಥ ಕೂಸು ಶಾಣ್ಯಾ ಇರ್ತಾವಂತಾರ್ರೀ ಸಾಹೇಬ್ರ, ತ್ರಾಸ ಕೊಡಂಗಿಲ್ಲ" ಎಂದು ಮೊದಲು ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ತೊಡೆಯ ಮೇಲೆ ಮಲಗಿದ್ದ ಮೊಮ್ಮಗಳ ತಲೆ ಸವರುತ್ತ, "ಖರೇ ಹೇಳ್ಬೇಕಂದ್ರ, ಅಳಲಾರದ ಕೂಸು ನೋಡಿದ್ರ ನನಗ ಅಂಜಿಕಿ ಬರ್ತದ" ಎಂದಳು.

ಆ ಮುದುಕಿಗೆ ತಿಳಿದದ್ದನ್ನು ವಿಜ್ಞಾನಿಗಳು ಬಹಳ ದುಡ್ಡು ಖರ್ಚು ಮಾಡಿ ಕಂಡುಕೊಂಡಿದ್ದಾರೆ. ಒಂದು ಕೂಸನ್ನು ನೋಡಿ ನಾನು ಸಿದ್ಧಾಂತ ಕಟ್ಟುತ್ತಿಲ್ಲ. ಅದಕ್ಕೆ ಅಂದು ಜ್ವರವಿದ್ದಿರಬಹುದು, ಹಸಿವಿದ್ದಿರಬಹುದು. ಆದರೆ ಅಳದ ಕೂಸುಗಳ ದೊಡ್ಡ ಕತೆಯೊಂದು ಜಗತ್ತಿಗೆ ಗೊತ್ತಿದೆ. 1989ರ ಡಿಸೆಂಬರಿನಲ್ಲಿ ರುಮೇನಿಯಾದ ಸರ್ವಾಧಿಕಾರಿ ಚೌಸೆಸ್ಕು ಬಿದ್ದ ಮೇಲೆ ಆ ದೇಶದ ಅನಾಥಾಲಯಗಳ ಬಾಗಿಲು ತೆರೆದವು. ಒಳಗೆ ಹೋದವರು ಬರೆದ ಸಂಗತಿ ಒಂದೇ: ಸಾಲು ಸಾಲು ತೊಟ್ಟಿಲು, ಆದರೆ ಮಸಣದ ಮೌನ. ಅತ್ತರೆ ಯಾರೂ ಬರುವುದಿಲ್ಲವೆಂದು ತಿಳಿದ ಕೂಸು ಅಳುವುದನ್ನು ಬಿಡುತ್ತದೆ. ಅದು ಶಾಂತಿಯಲ್ಲ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಬುಖಾರೆಸ್ಟ್ ನಗರದ ಆರು ಅನಾಥಾಲಯಗಳಿಂದ, ಮೂರು ವರ್ಷ ತುಂಬದ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಅರ್ಧ ಮಕ್ಕಳನ್ನು ಸಾಕು ತಂದೆತಾಯಂದಿರ ಮನೆಗಳಲ್ಲಿ ಇಟ್ಟರು. ಉಳಿದವರಿಗೆ ಆಗ ಅಲ್ಲಿ ಇದ್ದ ವ್ಯವಸ್ಥೆಯೇ ಮುಂದುವರಿಯಿತು. ವರ್ಷ ವರ್ಷ ಪರೀಕ್ಷಿಸಿದರು. ಅನಾಥಾಲಯದಲ್ಲಿ ಉಳಿದವರ ಮಿದುಳಿನ ವಿದ್ಯುತ್ ಚಟುವಟಿಕೆಯೇ ಮಂದವಾಗಿತ್ತು. ಮನೆ ಸೇರಿದವರ ಬುದ್ಧಿ ಚುರುಕಾಯಿತು, ಮಾತು ಬಂತು, ಅಂಟಿಕೊಳ್ಳಲು ಒಂದು ಜೀವ ಸಿಕ್ಕಿತು. ಅದರಲ್ಲೂ ಎರಡು ವರ್ಷದೊಳಗೆ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಆ ಅನಾಥಾಲಯಗಳಲ್ಲಿ ಊಟವಿತ್ತು, ಹಾಸಿಗೆಯಿತ್ತು, ಸೂರು ಇತ್ತು. ಇಲ್ಲದಿದ್ದದ್ದು ಕೂಗಿದರೆ ಓಗೊಡುವ ಒಬ್ಬ ಮನುಷ್ಯ.

ಮಿದುಳಿನೊಳಗೆ ಏನಾಗುತ್ತದೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ; ವಾಚಕರು ಬೇಸರಿಸಬಾರದು. ಹುಟ್ಟುವಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲುಭಾಗಕ್ಕಿಂತ ತುಸು ಹೆಚ್ಚು ತೂಗುತ್ತದೆ. ಎರಡು ವರ್ಷ ತುಂಬುವುದರೊಳಗೆ ಮುಕ್ಕಾಲರಷ್ಟಾಗುತ್ತದೆ. ಬದುಕಿನಲ್ಲಿ ಮತ್ತೆಂದೂ ಅದು ಆ ವೇಗದಲ್ಲಿ ಬೆಳೆಯುವುದಿಲ್ಲ. ಭಯವಾದಾಗ ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಮೈ ಓಟಕ್ಕೋ ಹೋರಾಟಕ್ಕೋ ಸಿದ್ಧವಾಗುತ್ತದೆ. ಇದು ದೋಷವಲ್ಲ, ರಕ್ಷಣೆ. ತಾಯಿ ಬಂದು ಎತ್ತಿಕೊಂಡರೆ ರಸ ಇಳಿಯುತ್ತದೆ, ಮಗು ಒಂದು ಪಾಠ ಕಲಿಯುತ್ತದೆ: ಭಯ ಬರುತ್ತದೆ, ಹೋಗುತ್ತದೆ. ಯಾರೂ ಬಾರದೆ ದಿನದಿನವೂ ಅದೇ ಆದರೆ ಕಲಿಯುವ ಪಾಠ ಬೇರೆ. ಕಿವಿಗಳ ಒಳಬದಿಗೆ, ಮಿದುಳಿನ ಆಳದಲ್ಲಿ ಅಮಿಗ್ಡಲ ಎಂಬ ಭಾಗವಿದೆ. ಗ್ರೀಕರ ಮಾತಿನಲ್ಲಿ ಬಾದಾಮಿ ಎಂದರ್ಥ, ಆಕಾರವೂ ಹಾಗೆಯೇ. ಅಪಾಯದ ವಾಸನೆ ಹಿಡಿಯುವುದು ಅದರ ಕೆಲಸ. ಅದರ ನೆರೆಯಲ್ಲಿ ಹಿಪೊಕ್ಯಾಂಪಸ್, ಅಂದರೆ ಕಡಲ್ಗುದುರೆಯಂತೆ ಬಾಗಿದ ಭಾಗ. ಕಲಿತದ್ದನ್ನು, ಕಂಡದ್ದನ್ನು ನೆನಪಿನಲ್ಲಿಡಲು ಅದು ಬೇಕು. ಹಣೆಯ ಹಿಂದಿನ ಭಾಗ ಯಜಮಾನನಂತೆ, "ತಾಳು, ಯೋಚಿಸು" ಎಂದು ಹೇಳುವಂಥದ್ದು. ಅದು ಪಕ್ವವಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ತೊಗರಿ ಹೊಲದ ಕಾವಲುಗಾರ ಪ್ರತಿಯೊಂದು ಗಾಳಿಗೂ ಎದ್ದು ಬೊಬ್ಬೆ ಹಾಕುವುದನ್ನೇ ರೂಢಿಮಾಡಿಕೊಂಡರೆ ಮನೆಯವರು ಯಾರೂ ನಿದ್ದೆ ಮಾಡಲಾರರು. ಸದಾ ಹೆದರಿ ಬೆಳೆದ ಮಗುವಿನ ತಲೆಯೊಳಗಿನ ಸಂಸಾರ ಹೀಗಿರುತ್ತದೆ.

ಇದರ ಒಂದು ಮುಖ್ಯ ಪುರಾವೆ ಹೊರದೇಶದಿಂದ ಬಂದದ್ದಲ್ಲ, ನಮ್ಮ ಬೆಂಗಳೂರಿನಿಂದಲೇ ಬಂದದ್ದು. ಇದು ನಮ್ಮವರಿಗೇ ತಿಳಿಯದಿರುವುದು ನನಗೆ ಸೋಜಿಗ. ನ್ಯಾಷನಲ್ ಸೆಂಟರ್ ಫಾರ್ ಬಯಲಾಜಿಕಲ್ ಸೈನ್ಸಸ್ ಸಂಸ್ಥೆಯ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು, ಅವರೊಂದಿಗೆ ನಿಮ್ಹಾನ್ಸಿನ ಬಿ. ಎಸ್. ಶಂಕರನಾರಾಯಣ ರಾವ್ ಅವರು, 2002ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದ ಹಾಗೆ ಕಟ್ಟಿಹಾಕಿದರು. ಬಳಿಕ ಮಿದುಳು ನೋಡಿದರೆ ಹಿಪೊಕ್ಯಾಂಪಸಿನ ನರಕೋಶಗಳ ಕೊಂಬೆಗಳು ಮುರುಟಿದ್ದವು. ಅದು ಮೊದಲೇ ತಿಳಿದಿದ್ದ ಸಂಗತಿ. ಹೊಸದಾಗಿ ಕಂಡದ್ದೇನೆಂದರೆ, ಅದೇ ಇಲಿಗಳ ಅಮಿಗ್ಡಲದಲ್ಲಿ ಕೊಂಬೆಗಳು ಇನ್ನೂ ಹರಡಿ ಬೆಳೆದಿದ್ದವು. ಒಂದೇ ಸಂಕಟ ಕಲಿಯುವ ಭಾಗವನ್ನು ಸೊರಗಿಸಿತು, ಹೆದರುವ ಭಾಗವನ್ನು ಕೊಬ್ಬಿಸಿತು. 2004ರಲ್ಲಿ ಅವರೇ ಇನ್ನೊಂದು ಪ್ರಶ್ನೆ ಹಾಕಿದರು: ಹಿಂಸೆ ನಿಲ್ಲಿಸಿ ಮೂರು ವಾರ ಸುಖವಾಗಿಟ್ಟರೆ? ಮುರುಟಿದ್ದ ಹಿಪೊಕ್ಯಾಂಪಸ್ ಮರಳಿ ಚಿಗುರಿತು. ಅಮಿಗ್ಡಲ ಮಾತ್ರ ಬೆಳೆದದ್ದು ಬೆಳೆದ ಹಾಗೇ ಇತ್ತು. ಇಲಿಯ ಅಂಜಿಕೆಯೂ ಹಾಗೇ ಇತ್ತು. ಅವು ಬೆಳೆದ ಇಲಿಗಳು ಎಂಬುದನ್ನು ಮರೆಯಬಾರದು. ಇಲಿ ಮನುಷ್ಯನಲ್ಲ ಎಂಬುದನ್ನೂ ಮರೆಯಬಾರದು. ಆದರೆ ಪೂರ್ತಿ ಬೆಳೆದ ಮಿದುಳನ್ನು ಹತ್ತು ದಿನ ಹೀಗೆ ತಿರುಚಬಲ್ಲುದಾದರೆ, ಇನ್ನೂ ಕಟ್ಟುತ್ತಿರುವ ಮಿದುಳನ್ನು ಮೂರು ವರ್ಷ ಏನು ಮಾಡೀತು ಎಂಬ ಪ್ರಶ್ನೆಯನ್ನು ಉಳಿಪೆಟ್ಟಿನ ಮಹನೀಯರು ಉತ್ತರಿಸಬೇಕು.

ಇದು ಶಾಲೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2002ರ ಸುಮಾರಿಗೆ, ಮನೆಯಲ್ಲಿ ಹೊಡೆತ ತಿಂದ ಮಕ್ಕಳಿಗೂ ತಿನ್ನದ ಮಕ್ಕಳಿಗೂ ಮುಖಗಳ ಚಿತ್ರ ತೋರಿಸಿದರು. ಹೊಡೆತ ತಿಂದವರು ಸಿಟ್ಟನ್ನು ಬಹು ಬೇಗ ಗುರುತಿಸಿದರು. ಇತರರಿಗೆ ಸಿಟ್ಟೆಂದು ತೋರದ ಮುಖದಲ್ಲಿಯೂ ಅವರಿಗೆ ಸಿಟ್ಟು ಕಂಡಿತು. ಈಗ ನಮ್ಮ ಒಂದು ತರಗತಿಯನ್ನು ನೆನೆಯಿರಿ. ಮೇಷ್ಟರು ಸುಮ್ಮನೆ ಹುಬ್ಬು ಗಂಟಿಕ್ಕುತ್ತಾರೆ. ಮೂರನೆಯ ಸಾಲಿನ ಹುಡುಗ ಅದನ್ನು ಏಟಿನ ಮುನ್ಸೂಚನೆಯೆಂದು ಓದುತ್ತಾನೆ, ಸೆಟೆದು ಕೂರುತ್ತಾನೆ, ಇಲ್ಲವೆ ಪಕ್ಕದವನ ಮೇಲೆ ರೇಗುತ್ತಾನೆ. ಮೇಷ್ಟರಿಗೆ ಅದು ಉದ್ಧಟತನ. ಏಟು ಬೀಳುತ್ತದೆ. ಹುಡುಗನಿಗೆ ತಾನು ಓದಿದ್ದು ಸರಿ ಎಂದು ಖಾತ್ರಿಯಾಗುತ್ತದೆ. ಅವನ ಬುದ್ಧಿಗೆ ಏನೂ ಆಗಿಲ್ಲ, ಅದೆಲ್ಲ ಕಾವಲಿಗೆ ಖರ್ಚಾಗುತ್ತಿದೆ. ಕಪ್ಪು ಹಲಗೆಗೆ ಉಳಿದಿಲ್ಲ. ಇದಕ್ಕೆ ನಾವು ಇಟ್ಟ ಹೆಸರು ತಲೆಗೆ ಹತ್ತುವುದಿಲ್ಲ ಎಂದು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ದಂಡಂ ದಶಗುಣಂ ಎಂಬ ಶಾಸನ ಮಾತ್ರ ರದ್ದಾಗಿಲ್ಲ.

ಇಲ್ಲಿ ಎದ್ದು ಬರುವ ಆಕ್ಷೇಪಣೆಯನ್ನು ನಾನು ಬಲ್ಲೆ. "ಹಿಂದೆ ಎಲ್ಲರೂ ಬಡವರೇ, ಎಲ್ಲ ತಾಯಂದಿರೂ ಹೊಲದಲ್ಲಿ ದುಡಿದವರೇ, ಆಗಿನ ಮಕ್ಕಳು ಏನು ಕೆಟ್ಟರು?" ಒಳ್ಳೆಯ ಪ್ರಶ್ನೆ. ಆದರೆ ಆಗಿನ ಹಸಿವಿಗೆ ಒಂದು ತೊಡೆಯಿತ್ತು. ತಾಯಿ ಹೊಲಕ್ಕೆ ಹೋದರೆ ಅಜ್ಜಿ ಇದ್ದಳು, ಅತ್ತೆ ಇದ್ದಳು, ಮದುವೆಯಾಗದ ಚಿಗವ್ವ ಇದ್ದಳು, ಏನೂ ಇಲ್ಲದಿದ್ದರೆ ಓಣಿ ಇತ್ತು. ಕಷ್ಟ ಬೇರೆ, ದಿಕ್ಕಿಲ್ಲದ ಕಷ್ಟ ಬೇರೆ. ಜ್ವರ ಬಂದ ಮಗುವಿಗೆ ಕಹಿ ಕಷಾಯ ಕುಡಿಸುವುದು, ಬಿದ್ದು ಮೊಣಕಾಲು ಕೆತ್ತಿಕೊಳ್ಳುವುದು, ಮೊದಲ ದಿನ ಶಾಲೆಗೆ ಹೋಗಿ ಅಳುವುದು, ಇವುಗಳಿಂದ ಯಾವ ಮಿದುಳೂ ಕೆಡುವುದಿಲ್ಲ. ಸ್ವಲ್ಪ ಗಟ್ಟಿಯೂ ಆದೀತು. ಕೆಡಿಸುವುದು ಬಿಡುವಿಲ್ಲದ, ಗೊತ್ತುಗುರಿಯಿಲ್ಲದ, ಸಂತೈಸುವವರಿಲ್ಲದ ಭಯ. ವೇದಿಕೆಯ ಮೇಲಿನ ಮಹನೀಯರು ಬೀದಿ ದೀಪವನ್ನು ನೆನೆಯುತ್ತಾರೆ. ಓದಿ ಬಂದಾಗ ರೊಟ್ಟಿ ಮುಚ್ಚಿಟ್ಟು ಎದ್ದು ಕುಳಿತಿದ್ದ ಅವ್ವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರನ್ನು ಗಟ್ಟಿಮಾಡಿದ್ದು ದೀಪದ ಕಂಬವೋ ಆ ಅವ್ವನೋ ಎಂದು ನಾನು ಕೇಳುತ್ತೇನೆ. ಇಂದು ಪುಣೆಯ ತಗಡಿನ ಶೆಡ್ಡಿಗೆ ಹೋದ ಕೂಸಿಗೆ ಆ ಅವ್ವ ಇದ್ದಾಳೆ, ಹತ್ತು ಗಂಟೆ ಇಟ್ಟಿಗೆ ಹೊತ್ತು ಬಂದವಳು. ಓಣಿ ಇಲ್ಲ.

ತಾಯಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಈ ವಿಜ್ಞಾನವನ್ನು ಓದಿದ ಕೆಲವರು ತಕ್ಷಣ ತಾಯಂದಿರನ್ನು ದೂರಲು ಹೊರಡುತ್ತಾರೆ. ಅವಳು ಹತ್ತಿರವಿದ್ದು ನೋಡಿಕೊಳ್ಳಬೇಕಿತ್ತಂತೆ! ಅರ್ಧ ಕೋಯ್ತಾಕ್ಕೆ ಕೂಲಿ ಯಾರು ಕೊಡುತ್ತಾರೆ? ತಾಯಿಯ ಮನಸ್ಸು ಕುಸಿದರೆ ಕೂಸಿನದೂ ಕುಸಿಯುತ್ತದೆ ಎಂಬುದನ್ನು ಅರಿತೇ ನಿಮ್ಹಾನ್ಸಿನವರು 2009ರಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗ ತೆರೆದರು. ನಮ್ಮ ದೇಶದಲ್ಲಿ ಅದೇ ಮೊದಲನೆಯದು. ಅದರ ಹಿಂದಿನ ತಿಳಿವಳಿಕೆ ಇಷ್ಟೇ: ಕೂಸನ್ನು ಉಳಿಸಬೇಕಾದರೆ ಮೊದಲು ಅವಳಿಗೆ ಉಸಿರು ಬಿಡಲು ಅವಕಾಶ ಮಾಡಿಕೊಡಬೇಕು.

ಇನ್ನು ಎರಡನೆಯ ಪಕ್ಷದವರು. ಇವರು ಉಳಿಪೆಟ್ಟಿನವರಿಗೆ ತೀರ ವಿರುದ್ಧ. ಆದರೆ ನನಗೆ ಇವರ ಮೇಲೆಯೂ ಅಷ್ಟೇ ಸಿಟ್ಟು. ಎರಡು ಇಂಗ್ಲಿಷ್ ಪುಸ್ತಕ ಓದಿ, "ಮೂರು ವರ್ಷಕ್ಕೆ ಎಲ್ಲ ಮುಗಿದುಹೋಯಿತು, ಆ ಮಕ್ಕಳ ಮಿದುಳು ಕೆಟ್ಟಿದೆ, ಇನ್ನು ಏನು ಮಾಡಿದರೂ ವ್ಯರ್ಥ" ಎಂದು ನಿಟ್ಟುಸಿರಿಡುವ ಪಂಡಿತರು ಇದ್ದಾರೆ. ನನ್ನ ನೆರೆಯವರ ಮಾತಿಗೂ ಇದಕ್ಕೂ ಏನು ಅಂತರ? ಅವರು ಹಣೆಬರಹ ಎಂದರು, ಇವರು ಅಮಿಗ್ಡಲ ಎನ್ನುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಸುಮಾರು ಒಂಬತ್ತೂವರೆ ಸಾವಿರ ಜನರ ಬಾಲ್ಯವನ್ನು ವಿಚಾರಿಸಿ ಪ್ರಕಟಿಸಿದ ಪ್ರಸಿದ್ಧ ವರದಿಯೊಂದಿದೆ. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ ಹಲವು ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಅಪಾಯ ಹೆಚ್ಚು ಎಂದು ಅದು ಹೇಳಿದ್ದು, ಎಲ್ಲರೂ ಹಾಳಾದರು ಎಂದಲ್ಲ. ಸಾಕುಮನೆ ಸೇರಿದ ಬುಖಾರೆಸ್ಟಿನ ಮಕ್ಕಳು ಚೇತರಿಸಿಕೊಂಡದ್ದನ್ನು ಮೇಲೆ ಹೇಳಿದೆ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ, ಹಸಿವಿನಿಂದ ಬೆಳವಣಿಗೆ ಕುಂಠಿತವಾಗಿದ್ದ 129 ಕೂಸುಗಳನ್ನು ತೆಗೆದುಕೊಂಡು ಇನ್ನೂ ಸರಳವಾದ ಕೆಲಸ ಮಾಡಿದರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಕೂಸನ್ನು ಆಡಿಸುವುದನ್ನು, ಅದರೊಡನೆ ಮಾತಾಡುವುದನ್ನು ತಾಯಿಗೆ ತೋರಿಸುತ್ತಿದ್ದಳು. ಎರಡು ವರ್ಷ, ಅಷ್ಟೇ. ಇಪ್ಪತ್ತು ವರ್ಷ ಕಳೆದು ನೋಡಿದರೆ ಆ ಮನೆಗಳ ಮಕ್ಕಳ ಗಳಿಕೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ವಾರಕ್ಕೊಂದು ಗಂಟೆ! ನಮ್ಮಲ್ಲಿ ಒಂದು ಸಭೆಯ ಸ್ವಾಗತ ಭಾಷಣಕ್ಕೆ ಹಿಡಿಯುವಷ್ಟು ಹೊತ್ತು.

ನಮ್ಮ ಸೀಮೆಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನು ನೋಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾದೀತು. ಮುದುಕಿ ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಅಂಗಾಲಿನಿಂದ ನೆತ್ತಿಯವರೆಗೆ ತಿಕ್ಕಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಾಳೆ. ಓದಿದವರು ಇದನ್ನು ಹಳ್ಳಿಯ ಪದ್ಧತಿ ಎಂದು ನಕ್ಕದ್ದುಂಟು. ಹೊಗೆಯನ್ನು ಬಿಡಲಿ, ಒಪ್ಪುತ್ತೇನೆ. 1997ರಲ್ಲಿ ಕೆನಡಾದ ಮೈಕೆಲ್ ಮೀನಿ ಮತ್ತು ಅವರ ಜೊತೆಯವರು ಇಲಿಗಳಲ್ಲಿ ಕಂಡದ್ದೇನೆಂದರೆ, ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಹೆಚ್ಚು ನೆಕ್ಕಿ ಸವರಿದ ಮರಿಗಳು ದೊಡ್ಡವಾದ ಮೇಲೆ ಸಂಕಟಕ್ಕೆ ಅಷ್ಟಾಗಿ ಬೆದರುವುದಿಲ್ಲ. ಅವುಗಳ ಮೈಯಲ್ಲಿ ಸಂಕಟದ ರಸ ಬೇಗ ಇಳಿಯುತ್ತದೆ. ಕಡಿಮೆ ಸವರುವ ತಾಯಿಯ ಮರಿಯನ್ನು ಹೆಚ್ಚು ಸವರುವವಳ ಬಳಿ ಹಾಕಿದರೆ ಆ ಮರಿಯೂ ಧೈರ್ಯದ ಮರಿಯಾಗಿ ಬೆಳೆಯುತ್ತದೆ ಎಂಬುದು ಬಳಿಕ ತಿಳಿಯಿತು. ಹೆತ್ತವಳೇ ಆಗಬೇಕೆಂದಿಲ್ಲ, ಸವರುವ ಕೈ ಬೇಕು. ಭೂಸನೂರಿನ ಕಟ್ಟೆಯ ಮೇಲೆ ಕುಳಿತ ಆ ಮುದುಕಿ ಮೊಮ್ಮಗಳ ತಲೆ ಸವರುತ್ತಿದ್ದಾಗ ಮಾಡುತ್ತಿದ್ದದ್ದು ರಾಷ್ಟ್ರದ ಕೆಲಸ. ಸರಕಾರದ ಯಾವ ಪುಸ್ತಕದಲ್ಲೂ ಅವಳು ದುಡಿಯುವವಳಲ್ಲ, ಅವಲಂಬಿತಳು.

ಸರಕಾರದ ಪುಸ್ತಕಗಳ ಮಾತು ಬಂತು. 1948ರ ಕಾರ್ಖಾನೆ ಕಾಯಿದೆ, ತಿದ್ದುಪಡಿಯಾದ ಮೇಲೆ, 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ಕೋಣೆ ಬೇಕೆಂದಿತು. ಕಟ್ಟಡ ಕೆಲಸದವರಿಗಾಗಿ ಆದ 1996ರ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರಿರಬೇಕೆಂದಿತು. 2025ರ ನವೆಂಬರ್ 21ರಂದು ಇವುಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಅವು ಹೆಂಗಸರನ್ನಷ್ಟೇ ಎಣಿಸದೆ ಒಟ್ಟು ಕೆಲಸಗಾರರನ್ನು ಎಣಿಸುತ್ತವೆ. ಒಳ್ಳೆಯದೇ, ಕೂಸಿಗೆ ಅಪ್ಪನೂ ಉಂಟೆಂದು ಕೊನೆಗೂ ಒಪ್ಪಿದಂತಾಯಿತು. ಆದರೆ 50 ಎಂಬ ಸಂಖ್ಯೆ ಹಾಗೇ ಇದೆ. ಹತ್ತು ಹನ್ನೆರಡು ಕೋಯ್ತಾಗಳ ಒಂದು ತಂಡ, ಇಂದು ಈ ಹೊಲ ನಾಳೆ ಆ ಹೊಲ, ಯಾರ ಹಾಜರಿ ಪುಸ್ತಕದಲ್ಲೂ 50 ಆಗುವುದಿಲ್ಲ. ಮಹಾನಗರದ ಮೇಸ್ತ್ರಿಯ ಪುಸ್ತಕದಲ್ಲಿ 49ಕ್ಕೆ ನಿಲ್ಲಿಸುವ ಗಣಿತವೂ ನಮಗೆ ಹೊಸದಲ್ಲ. ಇಷ್ಟು ಕಾಯಿದೆಗಳಲ್ಲಿ ಒಂದಾದರೂ ಕೂಸುಗಳನ್ನು ಎಣಿಸಬೇಕೆಂದು ಯೋಚಿಸಲಿಲ್ಲ. ಹದಿನೈದು ಕೂಸುಗಳಿವೆ, ಆದುದರಿಂದ ಒಬ್ಬ ಆಯಾ ಬೇಕು, ಎಂದರೆ ಸಾಕಾಗಿತ್ತು.

ಅಂಗನವಾಡಿ ಇದೆಯಲ್ಲ ಎನ್ನುವಿರಿ. ಇದೆ, 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆ ಯೋಜನೆ ಶುರುವಾದಾಗ ಮೊದಲ 33 ಪ್ರಾಯೋಗಿಕ ಸ್ಥಳಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅದರ ಕಾರ್ಯಕರ್ತೆಯರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಬಂದು ಕೂರುವುದು ಮೂರು ವರ್ಷ ತುಂಬಿದ ಮಗು. ಅದಕ್ಕಿಂತ ಚಿಕ್ಕದಕ್ಕೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ಮಿದುಳು ಮುಕ್ಕಾಲು ಬೆಳೆದು ಮುಗಿದ ಮೇಲೆ ಬಾಗಿಲು ತೆರೆಯುತ್ತದೆ ಎಂದಾಯಿತು. 2023ರ ಬಜೆಟ್ಟಿನಲ್ಲಿ ರಾಜ್ಯ ಸರಕಾರ ಉದ್ಯೋಗ ಖಾತರಿಯ ಕೂಲಿ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸಾರಿತು. ಬಹಳ ದಿನದ ಮೇಲೆ ಸರಕಾರಕ್ಕೆ ಹೊಳೆದ ಒಂದು ಒಳ್ಳೆಯ ವಿಚಾರ, ಹೆಸರೂ ಚೆನ್ನಾಗಿದೆ. ಆದರೆ ಅದು ಊರಲ್ಲೇ ಉಳಿದು ದುಡಿಯುವವಳಿಗೆ. ಗುಳೆ ಹೋದವಳ ಕೂಸು ಊರಿನ ಪಟ್ಟಿಯಿಂದ ಹೊರಗೆ, ಹೋದೂರಿನ ಪಟ್ಟಿಗೆ ಸೇರಿಲ್ಲ. 2024ರಲ್ಲಿ ನಮ್ಮ ಭಾಗದ ಸರಕಾರಿ ಶಾಲೆಗಳಲ್ಲಿ ಎಲ್‌.ಕೆ.ಜಿ. ತೆರೆಯಬೇಕೋ ಅಂಗನವಾಡಿಗಳಲ್ಲೇ ತೆರೆಯಬೇಕೋ ಎಂದು ದೊಡ್ಡ ಚರ್ಚೆಯಾಯಿತು. ನಾಲ್ಕು ವರ್ಷದ ಮಗುವಿಗೆ ಎ, ಬಿ, ಸಿ ಎಲ್ಲಿ ಹೇಳಿಕೊಡಬೇಕೆಂಬುದರ ಮೇಲೆ ನಡೆದ ಅಷ್ಟು ಜಗಳದಲ್ಲಿ ಎರಡು ವರ್ಷದ ಕೂಸಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಅದಕ್ಕೆ ಮತವೂ ಇಲ್ಲ, ಮಾಸಾಶನವೂ ಇಲ್ಲ.

ಇದೆಲ್ಲ ಹಳ್ಳಿಯ ಸಮಾಚಾರ, ನಮಗೇನು ಎಂದು ಭಾನುವಾರದ ಪತ್ರಿಕೆ ಮಡಚಿಡಲು ಹೊರಟ ನಗರದ ವಾಚಕರಿಗೆ ಒಂದು ಮಾತು. ನೀವು ಕುಳಿತಿರುವ ಮನೆಯ ಐದನೆಯ ಅಂತಸ್ತು ಕಟ್ಟುವಾಗ ಕೆಳಗೆ ಒಂದು ತಗಡಿನ ಶೆಡ್ಡು ಇತ್ತು. ಮನೆ ಕೊಳ್ಳುವಾಗ ನೀವು ವಾಸ್ತು ವಿಚಾರಿಸಿದಿರಿ, ಕಾವೇರಿ ನೀರು ವಿಚಾರಿಸಿದಿರಿ, ಕಾರು ನಿಲ್ಲಿಸಲು ಎಷ್ಟು ಅಡಿ ಎಂದು ಅಳೆದು ನೋಡಿದಿರಿ. ಕಟ್ಟಿದ ಎರಡು ವರ್ಷ ಕೂಲಿಗಳ ಕೂಸುಗಳನ್ನು ಯಾರು ನೋಡಿಕೊಂಡರು ಎಂದು ಬಿಲ್ಡರನ್ನು ಕೇಳಿದವರು ಎಷ್ಟು ಮಂದಿ? ಕೇಳಿದರೆ ಅವನು ಒಂದು ಕೋಣೆ ಮಾಡುತ್ತಾನೆ. ಕೊಳ್ಳುವವರು ಕೇಳಿದ್ದಕ್ಕೆಲ್ಲ ಈಜುಕೊಳವನ್ನೇ ಮಾಡಿಕೊಟ್ಟವನಿಗೆ ಒಂದು ಕೋಣೆ, ಒಬ್ಬ ಆಯಾ ಯಾವ ಲೆಕ್ಕ. ಅಂದಹಾಗೆ ಈ ರೋಗ ತಗಡಿನ ಶೆಡ್ಡಿಗೆ ಮಾತ್ರ ಸೀಮಿತವೆಂದು ತಿಳಿಯಬೇಡಿ. ಅಪ್ಪ ಅಮ್ಮ ದಿನವೂ ಕಿರುಚಾಡುವ ಮೂರು ಕೋಣೆಯ ಮನೆಯಲ್ಲೂ, ಸುತ್ತಲೂ ಆಟಿಕೆಗಳಿದ್ದು ಮಾತಾಡಿಸುವ ಬಾಯಿಲ್ಲದ ಮನೆಯಲ್ಲೂ ಅದೇ ರಸ ಅದೇ ಗ್ರಂಥಿಯಿಂದ ಸುರಿಯುತ್ತದೆ. ಕಾರ್ಟಿಸಾಲಿಗೆ ಸಂಬಳದ ಚೀಟಿ ಓದಲು ಬರುವುದಿಲ್ಲ.

ಖರ್ಚು ಎಲ್ಲಿಂದ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಿದೆ. ಕಬ್ಬಿನ ಲೆಕ್ಕದಲ್ಲಿ ಕಡಿಯುವುದಕ್ಕೆ ಇಷ್ಟು, ಸಾಗಿಸುವುದಕ್ಕೆ ಇಷ್ಟು ಎಂದು ಟನ್ನಿನ ಮೇಲೆ ದರ ಕಟ್ಟುತ್ತಾರೆ. ಮೇಸ್ತ್ರಿಯ ಕಮಿಷನ್ನಿಗೂ ಅದರಲ್ಲಿ ಜಾಗವಿದೆ. ಅದೇ ಟನ್ನಿನ ಮೇಲೆ ಕೂಸುಗಳ ಹೆಸರಿನಲ್ಲಿ ಒಂದು ರೂಪಾಯಿ ಹಿಡಿಯಲಿ. ತಂಡದಲ್ಲೇ ಇರುವ ವಯಸ್ಸಾದ ಹೆಂಗಸೊಬ್ಬಳಿಗೆ ಕುಡುಗೋಲು ಬಿಡಿಸಿ, ಕಡಿಯುವವಳಿಗೆ ಬರುವಷ್ಟೇ ಕೂಲಿ ಕೊಟ್ಟು, ಟ್ರೈಲರಿನ ನೆರಳಿಗೆ ಬದಲು ಒಂದು ಡೇರೆಯಲ್ಲಿ ಕೂಸುಗಳನ್ನು ಕೂಡಿಸಿಕೊಂಡು ಕುಳಿತುಕೊಳ್ಳಲು ಹೇಳಲಿ. ಅವಳಿಗೆ ಡಿಗ್ರಿ ಬೇಡ. ಎರೆಯಲು ಬಂದರೆ ಸಾಕು, ಅತ್ತಾಗ ಎತ್ತಿಕೊಂಡರೆ ಸಾಕು, ಬಾಯ್ತುಂಬ ಮಾತಾಡಿದರೆ ಸಾಕು. ಕನ್ನಡವೋ ಮರಾಠಿಯೋ ಲಂಬಾಣಿಯೋ ಯಾವುದಾದರೂ ಸರಿ. ಆ ಐದಾರು ವರ್ಷದ ಅಕ್ಕ ಆಗ ಶಾಲೆಗೆ ಹೋಗಬಹುದು. ಮುಂದಿನ ದಸರೆಗೆ ಮುನ್ನ ಕಬ್ಬಿನ ದರದ ಸಭೆ ಸೇರಿದಾಗ, ರೈತ ಮುಖಂಡರೂ ಅಧಿಕಾರಿಗಳೂ ಕಾರ್ಖಾನೆಗಳವರೂ ಒಂದೇ ಮೇಜಿನ ಸುತ್ತ ಕುಳಿತಿರುವಾಗ, ಈ ಒಂದು ರೂಪಾಯಿಯ ಮಾತನ್ನು ಯಾರಾದರೂ ಒಬ್ಬರು ಎತ್ತಲಿ. ಬೇಡವೆನ್ನುವವರು ಯಾರೆಂದು ಹೆಸರು ಹಿಡಿದು ನೋಡೋಣ.